ಪೆಟ್ಟಿಗೆಗೆ ಬಡಿದದ್ದು ಮಳೆಯಲ್ಲ, ಹಸಿವು

ಜೇನು ಸಾಕುವವರ ಪ್ರಶ್ನೆ–ಉತ್ತರ: ಆಟಿ ತಿಂಗಳ (ಜುಲೈ–ಆಗಸ್ಟ್) ಕಂತು

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಒಟ್ಟು ಹಾಕಿ ಓದಿದೆ. ಮುಕ್ಕಾಲು ಪಾಲು ಒಂದೇ ಗೋಳು. ಹನಿ ಕಡಿಯದ ಮಳೆ, ಪೆಟ್ಟಿಗೆ ಖಾಲಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಮಳೆಯದ್ದನ್ನೇ ಎತ್ತಿಕೊಂಡಿದ್ದೇನೆ. ಕೆಲವು ಪತ್ರ ಮೂರು ಪುಟ ಇದ್ದವು, ಕತ್ತರಿಸಿದ್ದೇನೆ, ಬೇಸರ ಮಾಡಬೇಡಿ. ಹೆಸರು ಬೇಡ ಎಂದು ಕೆಲವರು ಹೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ, ಎಲ್ಲ ಕೇರಳದ ಕಾಸರಗೋಡು ಜಿಲ್ಲೆಯವೇ.

ಪ್ರಶ್ನೆ: ನನ್ನಲ್ಲಿ ಆರು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು) ಪೆಟ್ಟಿಗೆ ಇತ್ತು. ಜೂನ್‌ನಲ್ಲಿ ಎಲ್ಲ ಸರಿಯಿತ್ತು. ಮೊನ್ನೆ ಮಳೆ ಬಿಟ್ಟು ಹೊಳವಾದಾಗ ನೋಡಿದರೆ ಎರಡು ಪೆಟ್ಟಿಗೆಯಲ್ಲಿ ಒಂದು ನೊಣವೂ ಇಲ್ಲ. ಸತ್ತು ಬಿದ್ದದ್ದೂ ಇಲ್ಲ. ಒಳಗೆ ಒಂದು ಹನಿ ನೀರು ಹೋಗಿಲ್ಲ, ನಾನೇ ಮೇಲೆ ಶೀಟು ಹಾಕಿದ್ದೆ. ಮತ್ತೆ ಯಾಕೆ ಓಡಿಹೋದವು? — ಪೆರ್ಲ

ಅಣ್ಣಾ, ನೀರು ಹೋಗಲಿಲ್ಲ ಸರಿ. ಅನ್ನ ಇತ್ತಾ ಅಂತ ನೋಡಿದ್ದೀರಾ?

ಕೋಪ ಮಾಡಬೇಡಿ, ಇದನ್ನು ನನಗೆ ನಾನೇ ಕೇಳಿಕೊಳ್ಳಲು ಎರಡು ವರ್ಷ ಬೇಕಾಯಿತು. ನಾನು ಜೇನು ಶುರು ಮಾಡಿದ ಹೊಸತರಲ್ಲಿ ಮೇ ತಿಂಗಳಲ್ಲಿ ಮೇಲಿನ ಜೇನು ಕೋಣೆಯದ್ದು ತೆಗೆದದ್ದು ಸಾಲದೆ, ಕೆಳಗೆ ಮರಿ ಬೆಳೆಸುವ ಸಂಸಾರ ಕೋಣೆಯ ಎರಿಗಳ (ಮೇಣದ ತಟ್ಟೆಗಳ) ನೆತ್ತಿಯಲ್ಲಿ ನಾಲ್ಕು ಬೆರಳಗಲ ಕಟ್ಟಿದ್ದ ಜೇನನ್ನೂ ಕೊಯ್ದು ಹಿಂಡಿದೆ. ಒಟ್ಟು ಸಿಕ್ಕಿದ್ದು ಎರಡು ಬಾಟಲಿ. ಆ ವರ್ಷ ಆಟಿ ಮುಗಿಯುವಾಗ ಆರರಲ್ಲಿ ನಾಲ್ಕು ಪೆಟ್ಟಿಗೆ ಖಾಲಿ. ನಾನು ಊರಿಡೀ ಮಳೆಗೆ ಬೈದುಕೊಂಡು ತಿರುಗಿದೆ. ಆಚೆ ಮನೆಯ ಅಜ್ಜ ಒಬ್ಬರು ಖಾಲಿ ಎರಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಿಯ ಒಂದು ಕಣ್ಣಿನಲ್ಲೂ (ಕೋಶದಲ್ಲೂ) ಜೇನಿಲ್ಲ. ಜರಡಿಯ ಹಾಗೆ ಆಚೆ ಬದಿ ಕಾಣುತ್ತಿತ್ತು. "ಮಳೆ ಎಂತ ಮಾಡಿತು ಮಗಾ, ನೀನಲ್ವಾ ತಿಂದದ್ದು" ಅಂದರು.

ಲೆಕ್ಕ ನೋಡಿ. ಮರಿ ಇರುವ ಜಾಗವನ್ನು ಜೇನು ಯಾವಾಗಲೂ 34–35 ಡಿಗ್ರಿ ಬಿಸಿಯಲ್ಲಿ ಇಡಬೇಕು. ಹೊರಗೆ ಮಳೆ ಹೊಯ್ದು 24ಕ್ಕೆ ಇಳಿದರೆ ಉಳಿದ ಹತ್ತು ಡಿಗ್ರಿ ಎಲ್ಲಿಂದ ಬರಬೇಕು? ನೊಣಗಳು ಒತ್ತಾಗಿ ಕೂತು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುವನ್ನು ಮಾತ್ರ ನಡುಗಿಸಿ ಬಿಸಿ ಮಾಡುತ್ತವೆ. ಅದಕ್ಕೆ ಸೌದೆ ಜೇನೇ. ಅಂದರೆ ಹೊರಗೆ ಹೋಗಿ ದುಡಿಯಲು ಆಗದ ದಿನವೇ ಒಳಗೆ ಖರ್ಚು ಜಾಸ್ತಿ. ಹೋದರೂ ಏನುಂಟು? ಗೇರು ಮುಗಿದಿದೆ, ರಬ್ಬರು ಮುಗಿದಿದೆ, ಕಂಗಿನ (ಅಡಿಕೆ ಮರದ) ಹಿಂಗಾರದ ಕಾಲವೂ ಹೆಚ್ಚುಕಡಿಮೆ ಮುಗಿದಿದೆ. ತೆಂಗು ಪಾಪ ವರ್ಷವಿಡೀ ಹೂ ಬಿಡುತ್ತದೆ, ಆದರೆ ಜಡಿಮಳೆಗೆ ಅದರ ಪರಾಗ ತೊಳೆದು ಹೋಗುತ್ತದೆ, ಮಕರಂದ ನೀರಾಗುತ್ತದೆ. ಗದ್ದೆ ಬದಿಯ ನಾಚಿಕೆ ಮುಳ್ಳಿನಲ್ಲಿ ಬೆಳಗ್ಗೆ ಸ್ವಲ್ಪ ಪರಾಗ ಸಿಗುತ್ತದೆ. ಅಷ್ಟೇ.

ತುಡುವೆಯ ಗುಣ ಏನೆಂದರೆ ಅದು ಹಸಿವಿನಲ್ಲಿ ಗೂಡಲ್ಲೇ ಸಾಯಲು ಕಾಯುವುದಿಲ್ಲ. ಮೊದಲು ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಇದ್ದ ಮರಿ ನೊಣವಾಗಿ ಹೊರಬರುವವರೆಗೆ ತಾಳುತ್ತವೆ. ಆಮೇಲೆ ಒಂದು ಹೊಳವು ನೋಡಿ ಹೊಟ್ಟೆ ತುಂಬ ಉಳಿದದ್ದನ್ನು ಕುಡಿದು ಎದ್ದು ಹೋಗುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಸತ್ತ ನೊಣ ಇಲ್ಲ ಎಂದಿರಿ ಅಲ್ವಾ, ಅದರ ಅರ್ಥ ಇಷ್ಟೇ. ಗಡಿಬಿಡಿಯಲ್ಲಿ ಓಡಿದ್ದಲ್ಲ, ಲೆಕ್ಕ ಹಾಕಿ ಹೊರಟದ್ದು.

ಉಳಿದ ನಾಲ್ಕನ್ನಾದರೂ ಇವತ್ತೇ ನೋಡಿ. ತೆರೆಯುವುದೂ ಬೇಡ. ಪೆಟ್ಟಿಗೆಯ ಹಿಂಬದಿಯನ್ನು ಒಂದು ಕೈಯಲ್ಲಿ ಎರಡು ಬೆರಳಿನಷ್ಟು ಎತ್ತಿ. ಕೈಗೆ ಭಾರ ಬಂದರೆ ಒಳಗೆ ಊಟ ಉಂಟು. ಖಾಲಿ ಡಬ್ಬದ ಹಾಗೆ ಪಕ್ಕನೆ ಎದ್ದರೆ ಇವತ್ತು ಸಂಜೆಯೇ ಪಾಕ ಕೊಡಿ. ನಾಲ್ಕು ವಾರ ಎತ್ತಿ ನೋಡಿದರೆ ಕೈಯೇ ತಕ್ಕಡಿಯಾಗುತ್ತದೆ. ಮುಂದಿನ ವರ್ಷಕ್ಕೆ ಒಂದು ಮಾತು ನೆನಪಿಟ್ಟುಕೊಳ್ಳಿ: ಮೇಲಿನ ಕೋಣೆಯದ್ದು ನಿಮಗೆ, ಕೆಳಗಿನ ಕೋಣೆಯದ್ದು ಅವಕ್ಕೆ. ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತಕ್ಕೆ) ಮೊದಲು ನಿಮ್ಮ ಪಾಲು ಇಳಿಸಿ ಆಗಬೇಕು. 2025ರಲ್ಲಿ ಮಳೆಗಾಲ ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟದ್ದು ಗೊತ್ತುಂಟಲ್ವಾ, ಹೆಚ್ಚುಕಡಿಮೆ ಪತ್ತನಾಜೆಯ ದಿನವೇ. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. "ಜೂನ್ ಒಂದರವರೆಗೆ ಟೈಮುಂಟು" ಎಂದು ಕೂತವರ ಜೇನು ಎಲ್ಲ ಪೆಟ್ಟಿಗೆಯಲ್ಲೇ ನೀರಾಯಿತು.

ಪ್ರಶ್ನೆ: ಸಕ್ಕರೆ ಪಾಕ ಹೇಗೆ ಮಾಡುವುದು? ಬೆಲ್ಲ ಆಗುವುದಿಲ್ಲವಾ, ಮನೆಯಲ್ಲಿ ಬೇಕಾದಷ್ಟಿದೆ. ಮತ್ತೆ ಸಕ್ಕರೆ ಕೊಟ್ಟರೆ ನಮ್ಮ ಜೇನು ಕಲಬೆರಕೆ ಆಗುವುದಿಲ್ಲವಾ? — ಮುಳ್ಳೇರಿಯ

ಬೆಲ್ಲ ಬೇಡ. ಬೆಲ್ಲದಲ್ಲಿರುವ ಕಸರು, ಖನಿಜ ಎಲ್ಲ ಜೇನಿಗೆ ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಆರೋಗ್ಯವಂತ ನೊಣ ಗೂಡಿನೊಳಗೆ ಹೊಲಸು ಮಾಡುವುದಿಲ್ಲ, ಹೊರಗೆ ಹಾರಿ ಹೋಗಿ ಮಾಡಿ ಬರುತ್ತದೆ. ಮಳೆಗೆ ಹೊರಗೆ ಹೋಗಲಾಗದೆ, ಮೇಲಿಂದ ಹೊಟ್ಟೆಯೂ ಕೆಟ್ಟರೆ ಪೆಟ್ಟಿಗೆಯ ಬಾಗಿಲಲ್ಲೆಲ್ಲ ಕಂದು ಕಲೆ ಬೀಳುತ್ತದೆ. ಬಿಳಿ ಸಕ್ಕರೆಯೇ ಆಗಬೇಕು.

200 ಗ್ರಾಂ ಸಕ್ಕರೆ, 200 ಎಂಎಲ್ ನೀರು. ನೀರು ಕುದಿಸಿ ಒಲೆಯಿಂದ ಇಳಿಸಿ, ಆಮೇಲೆ ಸಕ್ಕರೆ ಹಾಕಿ ಕದಡಿ, ಪೂರ್ತಿ ತಣಿಯಲು ಬಿಡಿ. ಸಕ್ಕರೆ ಹಾಕಿದ ಮೇಲೆ ಒಲೆಯಲ್ಲಿಟ್ಟು ಕುದಿಸಬೇಡಿ. ಸೀದ ಪಾಕ ಜೇನಿಗೆ ವಿಷ. ಒಂದು ಕುಟುಂಬಕ್ಕೆ ವಾರಕ್ಕೆ ಇಷ್ಟು ಸಾಕು. ಜೂನ್‌ನಿಂದ ಸಪ್ಟೆಂಬರ್ ಕೊನೆವರೆಗೆ 17 ವಾರ ಹಿಡಿದರೂ ಪೆಟ್ಟಿಗೆಗೆ ಮೂರೂವರೆ ಕಿಲೋ ಸಕ್ಕರೆ ದಾಟುವುದಿಲ್ಲ. ಒಂದು ಕುಟುಂಬ ಹೊಸತಾಗಿ ತರುವ ಖರ್ಚಿನ ಎದುರು ಇದು ಏನೂ ಅಲ್ಲ.

ಕೊಡುವುದು ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ). ಗೆರಟೆಯ ಒಳಗೆ ನಾಲ್ಕು ತೆಂಗಿನ ಕಡ್ಡಿಯೋ ಒಂದು ಚಿಟಿಕೆ ಒಣ ನಾರೋ ಹಾಕಿ, ಇಲ್ಲದಿದ್ದರೆ ಕುಡಿಯಲು ಇಳಿದ ನೊಣ ಪಾಕದಲ್ಲೇ ಮುಳುಗಿ ಸಾಯುತ್ತದೆ. ಗೆರಟೆ ಪೆಟ್ಟಿಗೆಯ ಒಳಗೇ ಇರಬೇಕು. ಸಂಜೆ ಕತ್ತಲಾಗುವ ಹೊತ್ತಿಗೆ ಇಡಿ. ಹಗಲು ಇಟ್ಟರೆ, ಅದರಲ್ಲೂ ಪೆಟ್ಟಿಗೆಯ ಮೇಲೆ ನಾಲ್ಕು ಹನಿ ಚೆಲ್ಲಿದರೆ, ಪಕ್ಕದ ಗಟ್ಟಿ ಕುಟುಂಬ ವಾಸನೆ ಹಿಡಿದು ಬಂದು ಬಡ ಕುಟುಂಬವನ್ನು ದರೋಡೆ ಮಾಡುತ್ತದೆ. ಹಸಿದ ಕಾಲದಲ್ಲಿ ಜೇನಿಗೂ ನೆರೆಕರೆ ಅಂತ ದಾಕ್ಷಿಣ್ಯ ಇಲ್ಲ. ಬೆಳಗ್ಗೆ ಉಳಿದ ಪಾಕ ತೆಗೆದು ಚೆಲ್ಲಿ, ಮಳೆಗಾಲದಲ್ಲಿ ಎರಡು ದಿನಕ್ಕೆ ಹುಳಿ ಬರುತ್ತದೆ.

ಕಲಬೆರಕೆ ಪ್ರಶ್ನೆ ಒಳ್ಳೆಯದು, ತುಂಬ ಜನ ಕೇಳಲು ನಾಚುತ್ತಾರೆ. ಮಳೆಗಾಲದಲ್ಲಿ ಕೊಟ್ಟದ್ದು ಹೊಟ್ಟೆಗೆ, ಮರಿಗೆ ಖರ್ಚಾಗುತ್ತದೆ. ಮೇಲಿನ ಕೋಣೆಯೇ ಇರುವುದಿಲ್ಲ, ಮತ್ತೆ ಬಾಟಲಿಗೆ ಎಲ್ಲಿಂದ ಹೋಗುವುದು? ತುಲಾ ಮಳೆ (ಅಕ್ಟೋಬರ್–ನವೆಂಬರ್ ಹೊತ್ತಿನ ಹಿಂಗಾರು ಮಳೆ) ಮುಗಿದು ಹೂ ಶುರುವಾದ ಮೇಲೆ, ಜೇನು ಕೋಣೆ ಏರಿಸಿದ ಮೇಲೆ, ಒಂದು ಚಮಚ ಕೊಟ್ಟರೂ ಅದು ಮೋಸ. ಗೆರೆ ಅಲ್ಲಿ ಉಂಟು.

ಪ್ರಶ್ನೆ: ಎರಿಯಲ್ಲಿ ಜೇಡ ಬಲೆ ಕಟ್ಟಿದ ಹಾಗೆ ಆಗಿದೆ, ಒಳಗೆ ಬೂದುಬಣ್ಣದ ದಪ್ಪ ಹುಳು. ನೊಣಗಳು ಒಂದು ಮೂಲೆಯಲ್ಲಿ ಸೇರಿಕೊಂಡಿವೆ. ಮದ್ದು ಏನಾದರೂ ಸಿಂಪಡಿಸಬಹುದಾ? — ಬಾಯಾರು

ಜೇಡ ಅಲ್ಲ, ಮೇಣದ ಪತಂಗದ ಮರಿ. ಮದ್ದು ಸಿಂಪಡಿಸಿದರೆ ಹುಳು ಸಾಯುವ ಮೊದಲು ಜೇನು ಸಾಯುತ್ತದೆ.

ನಿಮ್ಮ ಪತ್ರದ ಎರಡನೇ ವಾಕ್ಯದಲ್ಲೇ ಉತ್ತರ ಉಂಟು. ನೊಣಗಳು ಒಂದು ಮೂಲೆಯಲ್ಲಿವೆ. ಅಂದರೆ ಮನೆ ದೊಡ್ಡದಾಯಿತು, ಮನೆಮಂದಿ ಕಡಿಮೆಯಾದರು. ನಮ್ಮ ನ್ಯೂಟನ್ ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ ಏಳು ಎರಿ (ಇದು ಸೇಬು ಬಿದ್ದ ನ್ಯೂಟನ್ ಅಲ್ಲ, 1911ರಿಂದ ಕೆಲವು ವರ್ಷ ತಮಿಳುನಾಡಿನ ಕಡೆ ಜೇನು ಕಲಿಸಿದ ಒಬ್ಬ ಪಾದ್ರಿ). ಫೆಬ್ರವರಿಯಲ್ಲಿ ಆ ಏಳೂ ನೊಣದಿಂದ ಮುಚ್ಚಿರುತ್ತದೆ. ಆಟಿಯಲ್ಲಿ ಮೂರು ಮುಚ್ಚಿದರೆ ಜಾಸ್ತಿ. ಉಳಿದ ನಾಲ್ಕನ್ನು ಕಾಯುವವರು ಯಾರೂ ಇಲ್ಲ. ರಾತ್ರಿ ಪತಂಗ ಒಳಗೆ ನುಗ್ಗಿ ಮೊಟ್ಟೆ ಇಡುತ್ತದೆ, ಮರಿ ಮೇಣ ಕೊರೆಯುತ್ತಾ ಹೋಗುತ್ತದೆ.

ಹೊಳವಾದ ಕೂಡಲೇ ತೆರೆಯಿರಿ. ನೊಣ ಮುಚ್ಚಿದ ಎರಿ ಮಾತ್ರ ಉಳಿಸಿ, ಬಾಕಿ ಎಲ್ಲ ಹೊರಗೆ. ಪಕ್ಕಕ್ಕೆ ಒಂದು ಹಲಗೆ ನಿಲ್ಲಿಸಿ ಜಾಗ ಕಿರಿದು ಮಾಡಿ. ಬಲೆ ಕಟ್ಟಿದ ಎರಿಯನ್ನು ಪೆಟ್ಟಿಗೆಯ ಹತ್ತಿರ ಎಸೆಯಬೇಡಿ, ಸುಡಿ ಅಥವಾ ಕೋಳಿಗೆ ಹಾಕಿ. ಕೋಳಿಗಳಿಗೆ ಅದು ಹಬ್ಬ. ಆಮೇಲೆ ಪೆಟ್ಟಿಗೆಯ ತಳದ ಅಡಿಮಣೆ. ಅದರ ಮೇಲೆ ಬಿದ್ದ ಮೇಣದ ಪುಡಿ, ಕಸ ಇದೆಯಲ್ಲ, ಹುಳು ಮೊದಲು ಬೆಳೆಯುವುದೇ ಅಲ್ಲಿ. ವಾರಕ್ಕೊಮ್ಮೆ ಕೆರೆದು ಒರೆಸಿ. ಎರಡು ನಿಮಿಷದ ಕೆಲಸ.

ತೆಗೆದ ಒಳ್ಳೆಯ ಎರಿಗಳನ್ನು ಮುಂದಿನ ವರ್ಷಕ್ಕೆ ಇಡುವುದಾದರೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಗಂಧಕದ ಹೊಗೆ ಕೊಟ್ಟು ಮುಚ್ಚಿಡಬೇಕು. ಅಡುಗೆಮನೆಗೆ ಹೊಗೆ ಅಟ್ಟ ಇದ್ದವರ ಮನೆಯಲ್ಲಿ ಈ ತಾಪತ್ರಯ ಇರಲಿಲ್ಲ. ಗ್ಯಾಸು ಬಂದು ಅದೂ ಹೋಯಿತು.

ಪ್ರಶ್ನೆ: ಮೇ ಕೊನೆಗೆ ಎರಡು ಮಳೆ ಬಂದ ಮೇಲೆ ತೆಗೆದ ಜೇನು. ಬಾಟಲಿಗೆ ತುಂಬಿಸಿ ಇಟ್ಟಿದ್ದೆ. ಮೊನ್ನೆ ರಾತ್ರಿ ಮುಚ್ಚಳ ಟಪ್ ಅಂತ ಹಾರಿ ಕಪಾಟೆಲ್ಲ ನೊರೆ. ಅತ್ತೆ ಇದು ಸಕ್ಕರೆ ಜೇನು, ಯಾರೋ ಮೋಸ ಮಾಡಿದ್ದಾರೆ ಅನ್ನುತ್ತಾರೆ. ನಮ್ಮದೇ ಪೆಟ್ಟಿಗೆಯದ್ದು! — ಕುಂಬಳೆ

ಅತ್ತೆಯವರಿಗೆ ಹೇಳಿ, ಮೋಸ ಮಾಡಿದ್ದು ಗಾಳಿ. ಮಕರಂದ ತರುವಾಗ ಅದು ನೀರು ನೀರಾಗಿರುತ್ತದೆ. ನೊಣಗಳು ರೆಕ್ಕೆ ಬೀಸಿ ಬೀಸಿ ನೀರು ಆರಿಸಿ, ಹದಕ್ಕೆ ಬಂದ ಮೇಲೆ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತವೆ. ಮಳೆ ಶುರುವಾಗಿ ಗಾಳಿಯೇ ಒದ್ದೆಯಾದರೆ ಎಷ್ಟು ಬೀಸಿದರೂ ಆರುವುದಿಲ್ಲ. ನಾವು ಆಷಾಢದಲ್ಲಿ ಬಟ್ಟೆ ಒಣಗಿಸಿದ ಹಾಗೆ. ನೀವು ತೆಗೆದದ್ದು ಮುಚ್ಚಳ ಹಾಕದ ಹಸಿ ಜೇನು ಇರಬೇಕು. ಅದರಲ್ಲಿ ನೀರು ಜಾಸ್ತಿ ಇದ್ದರೆ ಹುದುಗುತ್ತದೆ, ಗ್ಯಾಸು ಮೇಲೆ ತಳ್ಳುತ್ತದೆ.

ಮಾರಾಟದ ಜೇನಿನಲ್ಲಿ ನೀರಿನ ಅಂಶ ನೂರಕ್ಕೆ 20 ದಾಟಬಾರದು ಎಂದು ನಿಯಮ. ನಮ್ಮ ತುಡುವೆ ಜೇನು ಸ್ವಭಾವದಲ್ಲೇ ತೆಳು, ಬೇಸಿಗೆಯಲ್ಲೂ ಆ ಗೆರೆಯ ಹತ್ತಿರವೇ ಓಡಾಡುತ್ತದೆ. ಹಾಗಾಗಿ ಎರಿಯ ಮುಕ್ಕಾಲು ಪಾಲಾದರೂ ಮುಚ್ಚಳ ಬಿದ್ದ ಮೇಲೆ ಮಾತ್ರ ತೆಗೆಯಬೇಕು, ಮಳೆ ಬಿದ್ದ ಮಾರನೇ ದಿನ ತೆಗೆಯಲೇಬಾರದು. ಜೇನು ಸ್ವತಃ ಗಾಳಿಯ ತೇವ ಹೀರುತ್ತದೆ. ಹಾಗಾಗಿ ಮುಚ್ಚಳ ಸಡಿಲ ಇಟ್ಟರೆ ಬಾಟಲಿಯಲ್ಲೂ ಕೆಡುತ್ತದೆ.

ಈಗ ನೊರೆ ಬಂದದ್ದನ್ನು ಮಾರಬೇಡಿ, ಜೇನಿಗೆ ತಿರುಗಿ ಕೊಡಲೂ ಬೇಡಿ, ಅವಕ್ಕೆ ಹೊಟ್ಟೆ ಕೆಡುತ್ತದೆ. ಅತ್ತೆಗೆ ಬೇಕಾದರೆ ಶರಬತ್ತು ಮಾಡಿಕೊಡಿ, ಸ್ವಲ್ಪ ಹುಳಿ ಇರುತ್ತದೆ ಅಷ್ಟೇ.

ಪ್ರಶ್ನೆ: ಇಡೀ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದರೆ ಹೇಗೆ? — ನೀರ್ಚಾಲು

ಒಳಗೆ ಬೆವರುತ್ತದೆ. ಮಾಡು ಮಾತ್ರ ಸಾಕು, ಗೋಡೆಗೆ ಬೇಡ. ಮುಚ್ಚಳದ ಮೇಲೆ ಅಡಿಕೆ ಹಾಳೆಯೋ ತಗಡೋ ನಾಲ್ಕೂ ಬದಿಗೆ ಒಂದು ಗೇಣು ಹೊರಚಾಚುವ ಹಾಗೆ ಹಾಕಿ, ಮೇಲೊಂದು ಕಲ್ಲು. ಪೆಟ್ಟಿಗೆ ಎದುರಿಗೆ ಸ್ವಲ್ಪ ಬಾಗಿರಲಿ, ಒಳಗೆ ನೀರು ಬಿದ್ದರೂ ಬಾಗಿಲಿನಿಂದ ಹರಿದು ಹೋಗುತ್ತದೆ. ಬಾಗಿಲು ಪಡುಗಾಳಿಗೆ ಮುಖ ಮಾಡಿರಬಾರದು. ಕಂಗಿನ ಬುಡದಲ್ಲಿ ಇಡಬೇಡಿ, ಒಂದು ಸೋಗೆ ಬಿದ್ದರೆ ಮುಗಿಯಿತು. ಕಾಲಿಗೆ ಇಡುವ ನೀರಿನ ಬಟ್ಟಲು ಮಳೆಗಾಲದಲ್ಲಿ ಕಸ, ಎಲೆ ತುಂಬಿ ಇರುವೆಗೆ ಸೇತುವೆ ಆಗುತ್ತದೆ, ಅದನ್ನು ನೋಡುತ್ತಾ ಇರಿ. ಪೆಟ್ಟಿಗೆ ನೆಲದಿಂದ ಸೊಂಟದಷ್ಟು ಎತ್ತರ ಇದ್ದರೆ ಕಪ್ಪೆಯ ಕಾಟವೂ ಇಲ್ಲ. ಗಿಡ್ಡ ಕಾಲಿನ ಪೆಟ್ಟಿಗೆಯ ಬಾಗಿಲಲ್ಲಿ ರಾತ್ರಿ ಟಾರ್ಚ್ ಹಾಕಿ ನೋಡಿ, ಒಬ್ಬ ದೊಡ್ಡ ಗೋಂಕುರು ಕಪ್ಪೆ ಊಟಕ್ಕೆ ಕೂತಿರುತ್ತಾನೆ.

ಪ್ರಶ್ನೆ: ಜುಲೈ ಮೊದಲ ವಾರ ರಾಣಿ ಕಾಣೆಯಾಯಿತು. ನೊಣಗಳು ತಾವೇ ಹೊಸ ರಾಣಿ ಕಣ್ಣು ಕಟ್ಟಿದವು, ರಾಣಿಯೂ ಹೊರಬಂತು. ಖುಷಿಯಲ್ಲಿದ್ದೆ. ಈಗ ಮೊಟ್ಟೆಯೂ ಇಡುತ್ತಿದೆ, ಆದರೆ ಕಣ್ಣಿನ ಮುಚ್ಚಳ ಎಲ್ಲ ಉಬ್ಬಿಕೊಂಡು ನಡುವೆ ತೂತು. ಇದು ರೋಗವಾ? — ಬದಿಯಡ್ಕ

ರೋಗ ಅಲ್ಲ. ಅವು ಗಂಡು ನೊಣದ ಕಣ್ಣು. ತುಡುವೆಯಲ್ಲಿ ಗಂಡಿನ ಕಣ್ಣಿನ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಇರುವುದು ಸಹಜ. ಆದರೆ ಎಲ್ಲವೂ ಗಂಡೇ ಆದರೆ ಅದು ರೋಗಕ್ಕಿಂತ ಕೆಟ್ಟ ಸುದ್ದಿ.

ನಿಮ್ಮ ರಾಣಿಗೆ ಮದುವೆಯೇ ಆಗಿಲ್ಲ ಮಾರಾಯ್ರೆ. ಕನ್ಯೆ ರಾಣಿ ಹೊರಬಂದು ಒಂದೆರಡು ವಾರದೊಳಗೆ ಬಿಸಿಲಿರುವ ದಿನ ಹೊರಗೆ ಹಾರಿ, ಗಾಳಿಯಲ್ಲೇ ಗಂಡು ನೊಣಗಳ ಜೊತೆ ಕೂಡಿ ಬರಬೇಕು. ಮಳೆ ಬಿಡಲಿಲ್ಲ ಎಂದರೆ ಹಾರುವುದು ಹೇಗೆ? ಇನ್ನೊಂದು ತೊಂದರೆ, ಒಂದು ದಿನ ಹೊಳವಾಗಿ ಹಾರಿದರೂ ಊರಲ್ಲಿ ಗಂಡು ಇರುವುದಿಲ್ಲ. ಅನ್ನಕ್ಕೆ ತತ್ವಾರ ಬಂದಾಗ ಎಲ್ಲ ಕುಟುಂಬದವೂ ಮೊದಲು ಮಾಡುವ ಕೆಲಸವೇ ಗಂಡು ನೊಣಗಳನ್ನು ಹೊರಗೆ ತಳ್ಳುವುದು. ದುಡಿಯುವುದಿಲ್ಲ, ತಿನ್ನುತ್ತವೆ, ಮತ್ತೆ ಯಾಕೆ ಸಾಕಬೇಕು? (ಇದನ್ನು ಓದಿ ನನ್ನ ಹೆಂಡತಿ ನಕ್ಕಳು. ನಾನು ಮುಂದೆ ಬರೆದೆ.)

ಕೂಡದ ರಾಣಿ ಇಡುವ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟುತ್ತದೆ. ತಿಂಗಳು ದಾಟಿದ ಮೇಲೆ ಅದು ಸರಿಯಾಗುವುದಿಲ್ಲ. ಆ ರಾಣಿಯನ್ನು ತೆಗೆಯಿರಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಉಳಿದ ನೊಣಗಳನ್ನು ರಾಣಿ ಇರುವ ಇನ್ನೊಂದು ಪೆಟ್ಟಿಗೆಗೆ ಸೇರಿಸಿ. ಸಂಜೆ ಹೊತ್ತು, ಗಟ್ಟಿ ಕುಟುಂಬದ ಸಂಸಾರ ಕೋಣೆಯ ಮೇಲೆ ಒಂದು ಹಾಳೆ ಪೇಪರ್ ಹಾಸಿ ಸೂಜಿಯಲ್ಲಿ ನಾಲ್ಕೈದು ತೂತು ಮಾಡಿ, ಅದರ ಮೇಲೆ ಬಡ ಕುಟುಂಬದ ಕೋಣೆ ಇಡಿ. ಒಂದೆರಡು ದಿನದಲ್ಲಿ ಎರಡೂ ಕಡೆಯವು ಪೇಪರ್ ಕಚ್ಚಿ ಹರಿದು ಸೇರಿಕೊಳ್ಳುತ್ತವೆ, ಅಷ್ಟರಲ್ಲಿ ವಾಸನೆ ಒಂದಾಗಿರುತ್ತದೆ, ಜಗಳ ಇಲ್ಲ. ಬಾಗಿಲಲ್ಲಿ ಪೇಪರಿನ ಚೂರು ಬಿದ್ದದ್ದು ಕಂಡರೆ ಕೆಲಸ ಆಯಿತು ಎಂದೇ ಅರ್ಥ. ಲೆಕ್ಕದಲ್ಲಿ ಒಂದು ಪೆಟ್ಟಿಗೆ ಕಮ್ಮಿಯಾಯಿತು ಎಂದು ಬೇಸರ ಬೇಡ. ಅಕ್ಟೋಬರ್‌ನಲ್ಲಿ ಬೆಳೆದ ಮೇಲೆ ಪಾಲು ಮಾಡಿ.

ಪ್ರಶ್ನೆ: ಮರಿಗಳು ಕಣ್ಣಿನೊಳಗೇ ಸತ್ತಿವೆ, ತಲೆ ಮೇಲೆತ್ತಿ ಮಲಗಿದ ಹಾಗೆ. ಕಡ್ಡಿಯಲ್ಲಿ ತೆಗೆದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ. ಇದು ಆ ಹಳೆಯ ಕಾಯಿಲೆಯಾ? — ದೇಲಂಪಾಡಿ

ನೀವು ಬರೆದ ರೀತಿ ನೋಡಿದರೆ ಅದೇ. ಥಾಯ್ ಸ್ಯಾಕ್ ಬ್ರೂಡ್. ವೈರಸ್ ಕಾಯಿಲೆ. 1991–92ರಲ್ಲಿ ಬಂದಾಗ ಕೇರಳ, ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನಾಶವಾದವು. ಆಗ ಜೇನು ಬಿಟ್ಟವರು ಎಷ್ಟೋ ಮಂದಿ ಮತ್ತೆ ಪೆಟ್ಟಿಗೆ ಮುಟ್ಟಲಿಲ್ಲ. ಈಗಲೂ ಕೆಲವು ಮನೆಗಳ ಅಟ್ಟದಲ್ಲಿ ಆ ಕಾಲದ ಪೆಟ್ಟಿಗೆಗಳಲ್ಲಿ ಬಾಳೆಕಾಯಿ ಹಣ್ಣಿಗೆ ಹಾಕುತ್ತಾರೆ.

ವೈರಸ್ಸಿಗೆ ಮದ್ದಿಲ್ಲ. ಅಂಗಡಿಯಲ್ಲಿ ಯಾರಾದರೂ ಆಂಟಿಬಯೋಟಿಕ್ ಪುಡಿ ಕೊಟ್ಟರೆ ದುಡ್ಡು ದಂಡ, ಅದರ ಅಂಶ ಜೇನಿನಲ್ಲಿ ಉಳಿದರೆ ಇನ್ನೂ ದಂಡ. ಮಾಡಬಹುದಾದದ್ದು ಇಷ್ಟು. ಸತ್ತ ಮರಿ ಇರುವ ಎರಿ ತೆಗೆದು ಸುಡಿ. ರಾಣಿಯನ್ನು ಪಂಜರದಲ್ಲಿಟ್ಟು ಎರಡು ಮೂರು ವಾರ ಮೊಟ್ಟೆ ನಿಲ್ಲಿಸಿ. ಹೊಸ ಮರಿ ಇಲ್ಲದಿದ್ದರೆ ರೋಗ ಹರಡಲು ಜಾಗ ಇಲ್ಲ, ಅಷ್ಟರಲ್ಲಿ ನೊಣಗಳು ಕಣ್ಣು ಸ್ವಚ್ಛ ಮಾಡುತ್ತವೆ. ಪಾಕ ಕೊಡುತ್ತಾ ಇರಿ, ಹಸಿದ ಕುಟುಂಬ ಬೇಗ ಸೋಲುತ್ತದೆ. ಆ ಪೆಟ್ಟಿಗೆಯ ಎರಿ, ಚೂರಿ, ಕೈ ಯಾವುದೂ ಹಾಗೇ ಇನ್ನೊಂದು ಪೆಟ್ಟಿಗೆಗೆ ಹೋಗಬಾರದು. ನೋಡುವಾಗ ರೋಗದ ಪೆಟ್ಟಿಗೆಯನ್ನು ಕೊನೆಗೆ ನೋಡಿ. ಇದನ್ನು ಇನ್ನೊಂದು ಪೆಟ್ಟಿಗೆಗೆ ಸೇರಿಸುವ ಯೋಚನೆ ಅಂತೂ ಬೇಡವೇ ಬೇಡ, ಮೇಲಿನ ಪೇಪರಿನ ಉಪಾಯ ಆರೋಗ್ಯವಂತ ಕುಟುಂಬಕ್ಕೆ ಮಾತ್ರ.

ಪ್ರಶ್ನೆ: ಕಂಗಿಗೆ ಮದ್ದು ಬಿಡುವಾಗ ಪೆಟ್ಟಿಗೆ ಏನು ಮಾಡುವುದು? — ಪೈವಳಿಕೆ

ಮದ್ದು ಬಿಡುವವನಿಗೂ ಜೇನಿಗೂ ಬೇಕಾದದ್ದು ಒಂದೇ ಹೊಳವು, ತಾಪತ್ರಯ ಅಲ್ಲೇ. ವಾರ ಕಾದು ಬಿಸಿಲು ಬಂದ ದಿನ ಜೇನು ಹೊರಗೆ ಬರುತ್ತದೆ, ಅದೇ ದಿನ ನಿಮ್ಮ ಮದ್ದಿನವನೂ ಬರುತ್ತಾನೆ.

ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಕೊಳೆರೋಗಕ್ಕೆ ಬಿಡುವ ಈ ಬೋರ್ಡೋ ದ್ರಾವಣ ಕೀಟನಾಶಕದ ಹಾಗೆ ನೊಣವನ್ನು ಅಲ್ಲೇ ಕೆಡಹುವುದಿಲ್ಲ. ಆದರೂ ಮೈಮೇಲೆ ಬಿದ್ದರೆ, ಕುಡಿದರೆ ಒಳ್ಳೆಯದಲ್ಲ. ಬೆಳಗ್ಗೆ ನೊಣ ಹೊರಡುವ ಮೊದಲು ಬಾಗಿಲಿಗೆ ಬಲೆ ಕಟ್ಟಿ, ಗಾಳಿ ಆಡಬೇಕು. ಪೆಟ್ಟಿಗೆಯ ಹತ್ತಿರದ ಸಾಲು ಮುಗಿದು ಹನಿ ಬೀಳುವುದು ನಿಂತ ಮೇಲೆ ಬಿಚ್ಚಿ, ಹೊಳವು ಇಡೀ ಬಂದಿಯಾಗಿಸಬೇಡಿ. ಡ್ರಮ್ಮು ತೆರೆದಿಡಬೇಡಿ. ಮದ್ದಿನವನು "ಹುಳಕ್ಕೂ ಸೇರಿಸಿ ಸ್ವಲ್ಪ ಹಾಕುವ" ಎಂದು ಬೇರೆ ಬಾಟಲಿ ತೆಗೆದರೆ ಬೇಡ ಎನ್ನಿ. ಗೇರು ಗುಡ್ಡೆಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರಿನವರಿಗೆ ಇದನ್ನು ನಾನು ಉದ್ದ ಬರೆಯಬೇಕಾಗಿಲ್ಲ.

ಪ್ರಶ್ನೆ: ಜನವರಿಯಲ್ಲಿ ಪೆಟ್ಟಿಗೆಗಳನ್ನು ರಬ್ಬರ್ ತೋಟಕ್ಕೆ ಒಯ್ದಿದ್ದೆ. ಫೆಬ್ರವರಿಯಲ್ಲಿ ಅಕಾಲ ಮಳೆ, ಮೋಡ. ಜೇನೇ ಆಗಲಿಲ್ಲ. ರಬ್ಬರಿನ ಹೂವಿಗೆ ಮಳೆ ಹೊಡೆಯಿತಾ? — ಅಡೂರು

ಹೂವಿಗಲ್ಲ, ಚಿಗುರಿಗೆ. ರಬ್ಬರ್ ಜೇನು ಮುಖ್ಯವಾಗಿ ಬರುವುದು ಹೂವಿನಿಂದ ಅಲ್ಲ. ಎಲೆ ಉದುರಿ ಹೊಸ ಚಿಗುರು ಬಂದಾಗ ಒಂದು ಎಲೆ ಕಿತ್ತು ನೋಡಿ, ಮೂರು ಎಲೆ ಒಂದೇ ತೊಟ್ಟಿಗೆ ಸೇರುವ ಜಾಗದಲ್ಲಿ ಸಣ್ಣ ಗುಳ್ಳೆಗಳು, ಅದರ ಮೇಲೆ ಮಿನುಗುವ ಹನಿ. ನಾಲಿಗೆಗೆ ತಾಗಿಸಿ, ಸಿಹಿ. ಜೇನು ಹೀರುವುದು ಅದನ್ನೇ. ಒಂದು ಮಳೆ ಬಂದರೆ ಆ ದಿನದ್ದು ತೊಳೆದು ಹೋಯಿತು, ಮಾರನೇ ದಿನ ಬಿಸಿಲಾದರೆ ಮತ್ತೆ ಬರುತ್ತದೆ. ಆದರೆ ಮೋಡ, ಇಬ್ಬನಿ ಎಂಟು ದಿನ ನಿಂತರೆ ಎಳೆ ಚಿಗುರಿಗೆ ಬೂದಿರೋಗ ಹಿಡಿದು ಎಲೆಯೇ ಸುರುಟಿ ಉದುರುತ್ತದೆ. ಮತ್ತೆ ಹನಿ ಎಲ್ಲಿಂದ? ನಿಮಗೆ ಆದದ್ದು ಇದೇ ಇರಬೇಕು. ಹೀಗಾದ ವರ್ಷ ಆಸೆ ಬಿಟ್ಟು ಪೆಟ್ಟಿಗೆಯನ್ನು ಬೇಗ ಮನೆಗೆ ತನ್ನಿ. ಚಿಗುರಿನಲ್ಲಿ ಪರಾಗ ಇಲ್ಲ, ಮರಿಗೆ ಪರಾಗ ಬೇಕು, ಅದು ಕಂಗು, ತೆಂಗು ಇರುವಲ್ಲಿ ಸಿಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, ಮುಜಂಟಿ (ಮುಳ್ಳಿಲ್ಲದ ಸಣ್ಣ ಜೇನು) ಸಾಕಿದರೆ ಆಗದಾ? — ವರ್ಕಾಡಿ

ಆಗುತ್ತದೆ. ಬಿದಿರಿನ ಅಂಡೆ, ಮಣ್ಣಿನ ಮಡಕೆ, ಹಳೆಯ ಮನೆಯ ಗೋಡೆ, ಎಲ್ಲಾದರೂ ಇರುತ್ತದೆ. ಅಂಟು ಮೆತ್ತಿ ಗೂಡು ಭದ್ರ ಮಾಡಿಕೊಳ್ಳುತ್ತದೆ. ಕಚ್ಚಲು ಮುಳ್ಳಿಲ್ಲ, ಮಳೆಗೆ ಎದ್ದು ಹೋಗುವ ಅಭ್ಯಾಸವೂ ಇಲ್ಲ. ಆದರೆ ವರ್ಷಕ್ಕೆ ಒಂದು ಗೂಡಿನಿಂದ ಸಿಗುವುದು ಕಾಲು, ಹೆಚ್ಚೆಂದರೆ ಅರ್ಧ ಕಿಲೋ. ಬೆಲೆ ಒಳ್ಳೆಯದಿದೆ. ಮಾಡಿನ ಅಡಿ ನಾಲ್ಕು ತೂಗುಹಾಕಿ. ತುಡುವೆ ಬಿಡಬೇಡಿ ಅಷ್ಟೇ, ನಾನು ಎರಡೂ ಇಟ್ಟಿದ್ದೇನೆ.

ಪ್ರಶ್ನೆ: ತರಬೇತಿಗೆ ಅರ್ಜಿ ಹಾಕಲು ಹೋದೆ. ಫಾರಂ ಮಲಯಾಳದಲ್ಲಿ ಮಾತ್ರ. ಓದಿ ಹೇಳಿ ಅಂದರೆ ಮುಖ ಸಿಂಡರಿಸಿದರು. — ಎಣ್ಮಕಜೆ

ಇದು ಜೇನಿನ ಪ್ರಶ್ನೆ ಅಲ್ಲ, ಆದರೂ ನನಗೂ ಆದದ್ದೇ. ಒಂದು ಕಾಗದದಲ್ಲಿ ಕನ್ನಡದಲ್ಲೇ ದೂರು ಬರೆದು ಕೊಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿ ಉಂಟು. ತರಬೇತಿ ವಿಚಾರಿಸಲು ಕಾಸರಗೋಡಿನ ಸಿಪಿಸಿಆರ್‌ಐ (ತೋಟ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರಕ್ಕೂ ಹೋಗಿ ಬನ್ನಿ. ಮ್ಯಾಮ್‌ಗೆ ಸರ್‌ಗೆ ಅಂತ ಹೆದರಬೇಡಿ. ಹೋಗುವಾಗ ಒಂದು ತುಂಡು ಎರಿ ಡಬ್ಬದಲ್ಲಿ ಹಾಕಿಕೊಂಡು ಹೋದರೆ ಭಾಷೆ ಅರ್ಧ ಸಾಕಾಗುತ್ತದೆ.

ಪ್ರಶ್ನೆ: ನಾನು ಆರನೇ ಕ್ಲಾಸು. ಶಾಲೆಯಿಂದ ಬರುವಾಗ ಮಳೆಗೆ ಬಿದ್ದ ಜೇನುನೊಣ ಜಗಲಿಯಲ್ಲಿ ಸಿಗುತ್ತದೆ. ಕಾಲು ಮಾತ್ರ ಸ್ವಲ್ಪ ಅಲ್ಲಾಡುತ್ತದೆ. ಬದುಕಿಸಬಹುದಾ ಮಾವ? — ಮಂಜೇಶ್ವರ

ಬದುಕಿಸಬಹುದು ಮಗೂ, ಬಹಳ ಸಲ ಅದು ಸತ್ತಿರುವುದಿಲ್ಲ, ಚಳಿ ಹಿಡಿದಿರುತ್ತದೆ. ಮೈ ತಣ್ಣಗಾದರೆ ರೆಕ್ಕೆಯ ಸ್ನಾಯು ಕೆಲಸ ಮಾಡುವುದಿಲ್ಲ. ಬರಿಗೈಯಲ್ಲಿ ಹಿಡಿಯಬೇಡ, ಎಚ್ಚರವಾದ ಕೂಡಲೇ ಕಚ್ಚುತ್ತದೆ. ಒಂದು ಹಲಸಿನ ಎಲೆಯ ಮೇಲೆ ಹತ್ತಿಸಿಕೊಂಡು ಒಳಗೆ ಬೆಚ್ಚಗಿರುವಲ್ಲಿ ಇಡು, ಒಲೆಗೆ ತೀರಾ ಹತ್ತಿರ ಬೇಡ. ಬಾಯಿಯ ಎದುರು ಚಮಚದ ತುದಿಯಲ್ಲಿ ಒಂದೇ ಒಂದು ಹನಿ ಸಕ್ಕರೆ ನೀರು. ಮೊದಲು ಹೊಟ್ಟೆ ಮೇಲೆ ಕೆಳಗೆ ಆಡುತ್ತದೆ. ಆಮೇಲೆ ಕೆಂಪು ನಾಲಿಗೆ ಹೊರಗೆ ಚಾಚುತ್ತದೆ, ಅದನ್ನು ಹತ್ತಿರದಿಂದ ನೋಡು. ಹತ್ತು ನಿಮಿಷ ಆದ ಮೇಲೆ ಮೈ ಗಡಗಡ ನಡುಗಿಸುತ್ತದೆ, ಹೆದರಬೇಡ, ಬಿಸಿ ಮಾಡಿಕೊಳ್ಳುತ್ತಿದೆ. ಆಗ ಎಲೆಯ ಸಮೇತ ಕಿಟಕಿಯಲ್ಲಿಡು. ಮಳೆ ನಿಂತಿದ್ದರೆ ಹೋಗುತ್ತದೆ.